ತಂಗಿಗೆ ರಕ್ತದ ಕ್ಯಾನ್ಸರ್. "ಕಣ ಕೊಲ್ಲುವುದಿಲ್ಲ, ಬಲಿಯುವ ಹಾಗೆ ಮಾಡುತ್ತೇವೆ" ಅಂದರು. ಹಾಗಂದರೇನು?

ಪಾಂಡವಪುರ_ಅಣ್ಣ
ಭಾನುವಾರ, ರಾತ್ರಿ 11.20

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಹೊರಗೆ ಕೂತು ಬರೆಯುತ್ತಿದ್ದೇನೆ.

ನನ್ನ ತಂಗಿಗೆ 21 ವರ್ಷ. ಮಂಡ್ಯದಲ್ಲಿ ಬಿಕಾಂ ಕೊನೆ ವರ್ಷ. ಹೋದ ವಾರ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು, ನಿಲ್ಲಲೇ ಇಲ್ಲ. ತೊಡೆಯ ಮೇಲೆ ಅಲ್ಲಲ್ಲಿ ನೀಲಿ ಕಲೆ. ಎಲ್ಲೂ ಬಿದ್ದಿರಲಿಲ್ಲ, ಏಟಾಗಿರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಪ್ಲೇಟ್‌ಲೆಟ್ 22 ಸಾವಿರ ಅಂತ ಬಂತು. ಡೆಂಗ್ಯೂ ಇರಬೇಕು ಅಂದರು. ಮೂರು ದಿನ ಪರಂಗಿ ಎಲೆ ರಸ ಕುಡಿಸಿದೆವು. ಆ ಮೂರು ದಿನ ನೆನೆದರೆ ಈಗಲೂ ಕೈ ನಡುಗುತ್ತದೆ. ನಾಲ್ಕನೇ ದಿನ ಮೂಗಿನಲ್ಲೂ ರಕ್ತ ಬಂತು. ಕಾರು ಮಾಡಿಕೊಂಡು ಇಲ್ಲಿಗೆ ಓಡಿ ಬಂದೆವು.

ಇಲ್ಲಿ ರಾತ್ರಿ ಡ್ಯೂಟಿಯ ಡಾಕ್ಟರ್ ರಕ್ತದ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ನೋಡಿದವರೇ, ಬೋನ್ ಮ್ಯಾರೋ ರಿಪೋರ್ಟಿಗೂ ಕಾಯದೆ ಮೆತ್ತಗಿನ ಕ್ಯಾಪ್ಸೂಲ್ ಶುರು ಮಾಡಿಸಿದರು. ಮಾರನೇ ದಿನ ಚೀಟಿಯಲ್ಲಿ "ಎಪಿಎಲ್" ಅಂತ ಬರೆದಿತ್ತು. ಅಮ್ಮ ಅದನ್ನು ನೋಡಿ, "ನಮ್ದು ಬಿಪಿಎಲ್ ಕಾರ್ಡು ಅಲ್ವಾ, ಇವ್ರು ತಪ್ಪು ಬರ್ಕೊಂಡವ್ರೆ, ಎಲ್ಲಾ ದುಡ್ಡು ನಾವೇ ಕಟ್ಬೇಕಾಯ್ತದೆ" ಅಂತ ಅಳುವುದಕ್ಕೆ ಶುರು ಮಾಡಿದರು. ಅದು ಕಾರ್ಡಿನ ಹೆಸರಲ್ಲ, ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಅನ್ನುವ ಕಾಯಿಲೆಯ ಹೆಸರು ಅಂತ ಬಿಡಿಸಿ ಹೇಳುವಾಗ ನನಗೂ ಮಾತು ಹೊರಡಲಿಲ್ಲ.

ಡಾಕ್ಟರ್ ಹೇಳಿದ್ದು ಇಷ್ಟು. ಈ ಕ್ಯಾಪ್ಸೂಲ್ ಕ್ಯಾನ್ಸರ್ ಕಣಗಳನ್ನು ಕೊಲ್ಲುವುದಿಲ್ಲ. ಅವು ಬಲಿಯುವ ಹಾಗೆ ಮಾಡುತ್ತದೆ. ಬಲಿತ ಮೇಲೆ ತಾವಾಗಿಯೇ ಸಾಯುತ್ತವೆ. ನಾಳೆಯಿಂದ ಜೊತೆಗೆ ಆರ್ಸೆನಿಕ್ ಡ್ರಿಪ್ ಅಂತೆ. ಅಪ್ಪ "ಪಾಷಾಣನಾ?" ಅಂತ ಕೇಳಿ ಸುಮ್ಮನಾದವರು ಇನ್ನೂ ಊಟ ಮಾಡಿಲ್ಲ.

ಕ್ಯಾನ್ಸರ್ ಕಣ ಬಲಿತರೆ ಇನ್ನೂ ಕೆಟ್ಟದ್ದಲ್ವಾ? ತಿಳಿದವರು ದಯವಿಟ್ಟು ಹೇಳಿ.

ಲ್ಯಾಬ್_ಅಕ್ಕ_ಮೈಸೂರು
ಭಾನುವಾರ, ರಾತ್ರಿ 11.58

ತಮ್ಮಾ, ಮೊದಲು ನಿನ್ನ ಅಪ್ಪನಿಗೆ ಊಟ ಮಾಡಿಸು. ರಿಪೋರ್ಟಿಗೆ ಕಾಯದೆ ಆ ರಾತ್ರಿಯೇ ಕ್ಯಾಪ್ಸೂಲ್ ಕೊಟ್ಟರಲ್ಲ, ಆ ಡಾಕ್ಟರಿಗೆ ಕೈ ಮುಗಿಯಬೇಕು. ಈ ಕಾಯಿಲೆಯಲ್ಲಿ ಮೊದಲ ಕೆಲವು ದಿನಗಳೇ ಗಂಡಾಂತರ. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಸೋರಿ ಜೀವ ಹೋಗುತ್ತದೆ. ಅದನ್ನು ದಾಟಿದವರಲ್ಲಿ ಬಹಳ ಜನ ಪೂರ್ತಿ ವಾಸಿಯಾಗುತ್ತಾರೆ.

ನಾನು 26 ವರ್ಷ ರಕ್ತದ ಲ್ಯಾಬಿನಲ್ಲಿ ಇದ್ದವಳು. ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ದಿನಾ ಕೋಟಿಗಟ್ಟಲೆ ಬಿಳಿ ಕಣ ಹುಟ್ಟುತ್ತವೆ. ಎಳೆಯದಾಗಿದ್ದಾಗ ದುಂಡಗೆ, ದಪ್ಪಗೆ, ಒಳಗೆಲ್ಲ ನ್ಯೂಕ್ಲಿಯಸ್ಸೇ ತುಂಬಿಕೊಂಡಿರುತ್ತದೆ. ಹಂತಹಂತವಾಗಿ ಬಲಿಯುತ್ತಾ ನ್ಯೂಕ್ಲಿಯಸ್ ಚಿಕ್ಕದಾಗಿ, ಬಗ್ಗಿ, ಕೊನೆಗೆ ಮೂರು ನಾಲ್ಕು ಹಾಲೆಯಾಗುತ್ತದೆ. ಆಗ ಅದು ನ್ಯೂಟ್ರೋಫಿಲ್. ಬಲಿತ ನ್ಯೂಟ್ರೋಫಿಲ್ ಮತ್ತೆ ಒಡೆದು ಎರಡಾಗುವುದಿಲ್ಲ. ರಕ್ತಕ್ಕೆ ಬಂದು, ಸೋಂಕಿನ ಜೊತೆ ಹೊಡೆದಾಡಿ, ಕೆಲವೇ ದಿನಗಳಲ್ಲಿ ಸಾಯುತ್ತದೆ.

ನಿನ್ನ ತಂಗಿಯ ಕಣಗಳು ಪ್ರೋಮೈಲೋಸೈಟ್ ಅನ್ನುವ ನಡುಹಂತಕ್ಕೆ ಬಂದು ನಿಂತುಬಿಟ್ಟಿವೆ. ಬಲಿಯುವುದೂ ಇಲ್ಲ, ಸಾಯುವುದೂ ಇಲ್ಲ. ಒಡೆಯುತ್ತಾ ಒಡೆಯುತ್ತಾ ಮಜ್ಜೆಯನ್ನೆಲ್ಲ ತುಂಬಿಕೊಂಡು ಪ್ಲೇಟ್‌ಲೆಟ್ ಹುಟ್ಟುವುದಕ್ಕೆ ಜಾಗ ಬಿಡುವುದಿಲ್ಲ. ಸಾಲದ್ದಕ್ಕೆ ಅವುಗಳಿಂದ ಹೊರಬರುವ ವಸ್ತುಗಳು ರಕ್ತ ಹೆಪ್ಪುಗಟ್ಟುವ ಏರ್ಪಾಟನ್ನೇ ಕೆಡಿಸುತ್ತವೆ. ವಸಡಿನ ರಕ್ತ ನಿಲ್ಲದೇ ಹೋದದ್ದು ಅದಕ್ಕೇ.

ಯಾಕೆ ನಿಂತವು? 15ನೇ ಮತ್ತು 17ನೇ ಕ್ರೋಮೋಸೋಮಿನ ತುಂಡುಗಳು ಒಂದು ಕಣದಲ್ಲಿ ಅದಲುಬದಲಾಗಿವೆ. ಅಮೆರಿಕದ ಜಾನೆಟ್ ರೌಲಿ 1977ರಲ್ಲಿ ಇದನ್ನು ಗುರುತಿಸಿದರು. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಏನೋ ತಿಂದಿದ್ದರಿಂದ ಆದದ್ದೂ ಅಲ್ಲ. ಮನೆಯಲ್ಲಿ ಯಾರೂ ತಮ್ಮನ್ನು ಬೈದುಕೊಳ್ಳುವುದು ಬೇಡ. 17ರಲ್ಲಿರುವ ಒಂದು ಜೀನಿನಿಂದ, ಎ ವಿಟಮಿನ್ನಿನ ಆಮ್ಲಕ್ಕೆ ಕಾದು ಕೂತಿರುವ ಒಂದು ಪ್ರೋಟೀನ್ ತಯಾರಾಗುತ್ತದೆ. ಆಮ್ಲ ಬಂದು ಅಂಟಿದಾಗ ಕಣ ಬಲಿಯಲು ಬೇಕಾದ ಜೀನುಗಳು ತೆರೆದುಕೊಳ್ಳುತ್ತವೆ. ತುಂಡು ಬದಲಾದಾಗ ಈ ಪ್ರೋಟೀನಿಗೆ 15ರದ್ದೊಂದು ಪ್ರೋಟೀನ್ ಬೆಸೆದುಕೊಂಡು ಆ ಜೀನುಗಳ ಮೇಲೆ ಬೀಗ ಹಾಕಿದ ಹಾಗೆ ಕೂರುತ್ತದೆ. ಮೈಯಲ್ಲಿ ಇರುವಷ್ಟು ಆಮ್ಲಕ್ಕೆ ಆ ಬೀಗ ಜಗ್ಗುವುದಿಲ್ಲ. ಕ್ಯಾಪ್ಸೂಲಿನಲ್ಲಿ ಇರುವುದು ಅದೇ ಆಮ್ಲ, ಹೆಸರು ಟ್ರೆಟಿನಾಯಿನ್, ಆಸ್ಪತ್ರೆಯಲ್ಲಿ ಆಟ್ರಾ ಅನ್ನುತ್ತಾರೆ. ಅಷ್ಟು ಜಾಸ್ತಿ ಪ್ರಮಾಣದಲ್ಲಿ ಬಂದಾಗ ಬೀಗ ಬಿಡುತ್ತದೆ. ಬೆಸೆದ ಪ್ರೋಟೀನೂ ಒಡೆದುಹೋಗುತ್ತದೆ. ನಿಂತಿದ್ದ ಕಣ ಮುಂದಕ್ಕೆ ನಡೆಯುತ್ತದೆ.

ಎರಡನೇ_ಹುಟ್ಟು_2016
ಸೋಮವಾರ, ಬೆಳಗ್ಗೆ 6.10

ಅಣ್ಣಾ, ನನಗೂ ಇದೇ ಕಾಯಿಲೆ ಆಗಿತ್ತು, 2016ರಲ್ಲಿ. ಈಗ ಹುಣಸೂರಿನಲ್ಲಿ ಅಂಗಡಿ ನಡೆಸುತ್ತಿದ್ದೇನೆ. ತಂಗಿಗೆ ಇದನ್ನು ಓದಿ ಹೇಳಿ.

ಕ್ಯಾಪ್ಸೂಲ್ ಊಟದ ಜೊತೆ ತಗೊಳ್ಳಲಿ. ತುಟಿ ಒಡೆಯುತ್ತದೆ, ಚರ್ಮ ಒಣಗುತ್ತದೆ, ತುಪ್ಪ ಹಚ್ಚುತ್ತಿದ್ದೆ. ತಲೆನೋವು ಬರುತ್ತದೆ. ಆದರೆ ತಲೆನೋವು ಜೋರಾಗಿ ಕಣ್ಣು ಮಂಜಾದರೆ ತಡೆದುಕೊಂಡು ಮಲಗಬಾರದು, ಆಗಲೇ ನರ್ಸಿಗೆ ಹೇಳಬೇಕು. ಬ್ರಷ್ ಬೇಡ, ಹತ್ತಿಯಲ್ಲಿ ಬಾಯಿ ಒರೆಸಲಿ. ಮಲಬದ್ಧತೆ ಆಗಿ ತಿಣುಕಬಾರದು, ರಕ್ತ ಬಂದೀತು. ಆರ್ಸೆನಿಕ್ ಎರಡು ಗಂಟೆ ಹೊತ್ತು ಹನಿಹನಿಯಾಗಿ ಬಿಡುತ್ತಾರೆ. ಆಗಾಗ ಇಸಿಜಿ ತೆಗೆಯುತ್ತಾರೆ, ಪೊಟ್ಯಾಸಿಯಂ ನೋಡುತ್ತಾರೆ. ಹೃದಯದ ಲಯ ತಪ್ಪದಿರಲಿ ಅಂತ. ಸುಮ್ನೆ ಮಾಡುತ್ತಾರೆ ಅಂದುಕೊಳ್ಳಬೇಡಿ.

ನನಗೆ ಕೂದಲು ಉದುರಲಿಲ್ಲ. ಹುಡುಗಿ ಅಲ್ವಾ, ಅವಳಿಗೆ ಅದನ್ನು ಮೊದಲು ಹೇಳಿ.

ಮಳವಳ್ಳಿ_ಚಂದ್ರಿಕೆ
ಸೋಮವಾರ, ಮಧ್ಯಾಹ್ನ 1.35

ನಾನು ಡಾಕ್ಟರಲ್ಲ, ರೇಷ್ಮೆ ಬೆಳೆಯುವವನು. ಅಕ್ಕ ಹೇಳಿದ್ದು ಓದುತ್ತಾ ನಮ್ಮ ಹುಳದ ಮನೆಯೇ ಕಣ್ಣ ಮುಂದೆ ಬಂತು. ತಪ್ಪು ತಿಳಿಯದಿದ್ದರೆ ಹೇಳುತ್ತೇನೆ.

ನಾಲ್ಕನೇ ಜ್ವರ (ಪೊರೆ ಬಿಡುವುದಕ್ಕೆ ನಾವು ಹಾಗನ್ನುತ್ತೇವೆ) ಎದ್ದ ಮೇಲೆ ಹುಳ ಏಳೆಂಟು ದಿನ ಒಂದೇ ಸಮನೆ ಸೊಪ್ಪು ತಿನ್ನುತ್ತವೆ. ರಾತ್ರಿ ಮನೆಯೊಳಗೆ ನಿಂತರೆ ಹೊರಗೆ ಮಳೆ ಬರುತ್ತಿದೆ ಅನ್ನಿಸುತ್ತದೆ, ಅಷ್ಟು ಸದ್ದು. ಆಮೇಲೆ ಹಣ್ಣಾಗಬೇಕು. ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣುತ್ತದೆ. ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿ ಆಡಿಸುತ್ತದೆ. ಆಗ ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುತ್ತೇವೆ. ಕೆಲವು ಸಲ ಅರ್ಧ ಹಣ್ಣಾಗಿರುತ್ತವೆ, ಅರ್ಧ ತಿನ್ನುತ್ತಲೇ ಇರುತ್ತವೆ. ಮೈಸೂರಿನ ಶ್ರೀರಾಂಪುರದ ರೇಷ್ಮೆ ಸಂಶೋಧನಾ ಸಂಸ್ಥೆಯವರು ಇದಕ್ಕೆ "ಸಂಪೂರ್ಣ" ಅಂತ ಔಷಧ ಮಾಡಿದ್ದಾರೆ. ಗಿಡದಿಂದ ತೆಗೆದದ್ದು. ಒಂದಷ್ಟು ಹುಳ ಹಣ್ಣಾಗಲು ಶುರುವಾದಾಗ ನೀರಿನಲ್ಲಿ ಕಲಸಿ ಸೊಪ್ಪಿಗೆ ಸಿಂಪಡಿಸಿ ಕೊಡುತ್ತೇವೆ. ತಿನ್ನುತ್ತಲೇ ಇದ್ದವೂ ತಿನ್ನುವುದು ಬಿಟ್ಟು ಒಟ್ಟಿಗೆ ಹಣ್ಣಾಗುತ್ತವೆ. ಹುಳ ಸಾಯಿಸುವ ಔಷಧ ಅಲ್ಲ ಅದು. ನಿಮ್ಮ ಕ್ಯಾಪ್ಸೂಲೂ ಹೀಗೇನಾ ಅಂತ ಕೇಳಬೇಕು ಅನ್ನಿಸಿತು.

ಸರಸ್ವತಿಪುರಂ_ಮೇಷ್ಟ್ರು
ಸೋಮವಾರ, ಸಂಜೆ 7.05

ಮಳವಳ್ಳಿಯವರೇ, ನೀವು ಕೇಳಿದ್ದು ಬರೀ ಹೋಲಿಕೆ ಅಲ್ಲ. ನಾನು ಜೀವಶಾಸ್ತ್ರ ಹೇಳಿಕೊಟ್ಟವನು, ಓದುತ್ತಾ ಎದ್ದು ಕೂತೆ. ನಿಮ್ಮ ಔಷಧದಲ್ಲಿ ಇರುವುದು ಎಕ್ಡಿಸೋನ್ ಜಾತಿಯ ಹಾರ್ಮೋನು. ಅದು ಹುಳದ ಕಣದೊಳಗೆ ಹೋಗಿ ಒಂದು ಪ್ರೋಟೀನಿಗೆ ಅಂಟುತ್ತದೆ. ಆ ಪ್ರೋಟೀನೂ, ಈ ಹುಡುಗಿಯ ಕಣದಲ್ಲಿ ಎ ವಿಟಮಿನ್ನಿನ ಆಮ್ಲ ಹಿಡಿಯುವ ಪ್ರೋಟೀನೂ ಒಂದೇ ವಂಶದವು. ಎರಡೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಜೊತೆಗೊಂದು ಜೋಡಿ ಬೇಕು. ಮನುಷ್ಯನಲ್ಲಿ ಆ ಜೋಡಿಯ ಹೆಸರು ಆರ್‌ಎಕ್ಸ್‌ಆರ್. ಹುಳದಲ್ಲಿ ಅದರ ದಾಯಾದಿ ಇದೆ. ಎರಡೂ ಕಡೆ ಜೋಡಿ ಜೀನಿನ ಮೇಲೆ ಕೂತು, ಹಾರ್ಮೋನು ಬಂದಾಗ ಜೀನು ತೆರೆಯುತ್ತದೆ. ಒಂದು ವ್ಯತ್ಯಾಸ ಮರೆಯಬಾರದು. ನಿಮ್ಮ ಹುಳದಲ್ಲಿ ಏನೂ ಕೆಟ್ಟಿಲ್ಲ, ಹಾರ್ಮೋನು ಸ್ವಲ್ಪ ಮುಂಚೆ ಸಿಕ್ಕಿತು ಅಷ್ಟೆ. ಇಲ್ಲಿ ಪ್ರೋಟೀನೇ ಕೆಟ್ಟಿದೆ.

ಇದು ಗೊತ್ತಾದ ಬಗೆಯೂ ಹೇಳಬೇಕು. 1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಮೂವರು ರೋಗಿಗಳ ಬಗ್ಗೆ ಬರೆದು ಈ ಕಾಯಿಲೆಗೆ ಹೆಸರಿಟ್ಟರು. ಕೆಲವೇ ವಾರಗಳಲ್ಲಿ ಸಾಯುತ್ತಾರೆ ಅಂತ ಬರೆದರು. ಇಸ್ರೇಲಿನ ಲಿಯೋ ಸ್ಯಾಕ್ಸ್, ಕ್ಯಾನ್ಸರ್ ಕಣವನ್ನೂ ಬಲಿಯುವಂತೆ ಮಾಡಬಹುದು ಅಂತ ವರ್ಷಗಟ್ಟಲೆ ಲ್ಯಾಬಿನಲ್ಲಿ ತೋರಿಸಿದರು. 1971ರಲ್ಲಿ ಷಾರ್ಲೆಟ್ ಫ್ರೆಂಡ್, ಇಲಿಯ ರಕ್ತಕ್ಯಾನ್ಸರಿನ ಕಣಗಳಿಗೆ ಡಿಎಂಎಸ್‌ಓ ಅನ್ನುವ ಮಾಮೂಲಿ ದ್ರಾವಕ ಹಾಕಿದಾಗ ಅವು ಹಿಮೋಗ್ಲೋಬಿನ್ ಮಾಡಲು ಶುರು ಮಾಡಿದ್ದನ್ನು ಕಂಡರು. 1980ರ ಸುಮಾರಿಗೆ ಅಮೆರಿಕದ ಬ್ರೈಟ್‌ಮನ್ ಮತ್ತು ಜೊತೆಗಾರರು ಎ ವಿಟಮಿನ್ನಿನ ಆಮ್ಲದಿಂದ ಮನುಷ್ಯರ ಕಣಗಳನ್ನೂ ಬಲಿಯುವ ಹಾಗೆ ಮಾಡಿದರು. ಎಲ್ಲ ಗಾಜಿನ ತಟ್ಟೆಯಲ್ಲಿ.

ಮನುಷ್ಯರಿಗೆ ಕೊಟ್ಟು ಉಳಿಸಿದವರು ಶಾಂಘೈನ ವಾಂಗ್ ಝೆನ್‌ಯಿ. ಆಗ ಚೀನಾದಲ್ಲಿ ಈ ಆಮ್ಲವನ್ನು ಚರ್ಮದ ಕಾಯಿಲೆಗೆ ಕೊಡುತ್ತಿದ್ದರು. 1980ರ ದಶಕದ ಮಧ್ಯದಲ್ಲಿ ಐದು ವರ್ಷದ ಒಂದು ಮಗು ಸಾಯುವ ಸ್ಥಿತಿಯಲ್ಲಿತ್ತು. ಅದಕ್ಕೆ ಕೊಟ್ಟರು, ಬದುಕಿತು. 1988ರಲ್ಲಿ 24 ರೋಗಿಗಳ ವರದಿ ಪ್ರಕಟಿಸಿದರು. 24 ಜನರಿಗೂ ಕಾಯಿಲೆ ಹತೋಟಿಗೆ ಬಂದಿತ್ತು, 23 ಜನರಿಗೆ ಈ ಒಂದೇ ಔಷಧದಿಂದ. ಯಾಕೆ ಹೀಗಾಯಿತು ಅನ್ನುವುದು, ಅಂದರೆ ಆ ಬೆಸೆದ ಪ್ರೋಟೀನಿನ ಕಥೆ, ಗೊತ್ತಾದದ್ದು ಎರಡು ಮೂರು ವರ್ಷ ಕಳೆದ ಮೇಲೆ. ಮಗು ಮೊದಲು ಉಳಿಯಿತು, ಕಾರಣ ಆಮೇಲೆ ಸಿಕ್ಕಿತು.

ನಿಮ್ಮ ತಂದೆಯವರಿಗೆ ಪಾಷಾಣದ ಮಾತೂ ಹೇಳಿ. ಆಟ್ರಾ ಒಂದನ್ನೇ ಕೊಟ್ಟರೆ ಕೆಲವು ತಿಂಗಳಲ್ಲಿ ಕಾಯಿಲೆ ಮರಳುತ್ತಿತ್ತು. ಚೀನಾದ ಹಾರ್ಬಿನ್ ಊರಿನ ಝಾಂಗ್ ಟಿಂಗ್‌ಡಾಂಗ್ ಮತ್ತು ಜೊತೆಗಾರರು 1970ರ ದಶಕದಲ್ಲೇ ಶುದ್ಧ ಮಾಡಿದ ಆರ್ಸೆನಿಕ್ಕನ್ನು ರಕ್ತನಾಳಕ್ಕೆ ಕೊಟ್ಟು ನೋಡಿದ್ದರು. ಆಟ್ರಾ ಬೆಸೆದ ಪ್ರೋಟೀನಿನ ಒಂದು ತುದಿ ಹಿಡಿಯುತ್ತದೆ, ಆರ್ಸೆನಿಕ್ ಇನ್ನೊಂದು ತುದಿ ಹಿಡಿಯುತ್ತದೆ. ಎರಡೂ ಸೇರಿದರೆ ಅದು ಪೂರ್ತಿ ನಾಶವಾಗುತ್ತದೆ. 2013ರಲ್ಲಿ ಇಟಲಿಯ ಲೋ-ಕೊಕೊ ತಂಡ ತೋರಿಸಿದ ಲೆಕ್ಕ ಹೀಗಿದೆ: ಮೊದಲೇ ಬಿಳಿ ಕಣ ಜಾಸ್ತಿ ಇಲ್ಲದವರಲ್ಲಿ, ಎರಡು ವರ್ಷ ಕಳೆದಾಗ ಕಾಯಿಲೆಯ ತೊಂದರೆ ಇಲ್ಲದೆ ಇದ್ದವರು ಈ ಜೋಡಿಯಲ್ಲಿ ನೂರಕ್ಕೆ 97, ಆಟ್ರಾ ಜೊತೆ ಕೀಮೋ ಕೊಟ್ಟವರಲ್ಲಿ 86. ನಮ್ಮ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು 2006ರಲ್ಲಿ ಆರ್ಸೆನಿಕ್ ಒಂದರಿಂದಲೇ ಚಿಕಿತ್ಸೆ ಪಡೆದ 72 ರೋಗಿಗಳ ವರದಿ ಕೊಟ್ಟಿದ್ದರು. ದುಡ್ಡಿಲ್ಲದವರಿಗೂ ದಾರಿ ಇದೆ ಅಂತ ತೋರಿಸಿದ ಕೆಲಸ ಅದು. ನನಗೆ ಅದರ ಬಗ್ಗೆ ತುಂಬ ಗೌರವ.

ಹಸಿರು_ಕೆಆರ್‌ಎಸ್
ಮಂಗಳವಾರ, ಬೆಳಗ್ಗೆ 8.15

ಎ ವಿಟಮಿನ್ ಅಂದಮೇಲೆ ಕ್ಯಾರೆಟ್, ನುಗ್ಗೆಸೊಪ್ಪು, ಪರಂಗಿ ಹಣ್ಣು ಜಾಸ್ತಿ ಕೊಟ್ಟರೆ ಬೇಗ ವಾಸಿ ಆಗುವುದಿಲ್ಲವೇ? ಮೆಡಿಕಲ್ ಶಾಪಿನಲ್ಲಿ ಎ ವಿಟಮಿನ್ ಮಾತ್ರೆಯೂ ಸಿಗುತ್ತದೆ. ಒಳ್ಳೆ ಮನಸ್ಸಿಂದ ಹೇಳುತ್ತಿದ್ದೇನೆ.

ಲ್ಯಾಬ್_ಅಕ್ಕ_ಮೈಸೂರು
ಮಂಗಳವಾರ, ಬೆಳಗ್ಗೆ 8.40

ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ತಮ್ಮಾ, ಎ ವಿಟಮಿನ್ ಮಾತ್ರೆ ಖಂಡಿತ ಕೊಡಬೇಡ. ಆಟ್ರಾ ಜೊತೆ ಅದು ಸೇರಿದರೆ ವಿಷವಾಗುತ್ತದೆ, ತಲೆಯೊಳಗಿನ ಒತ್ತಡ ಏರಬಹುದು. ಸೊಪ್ಪು ತರಕಾರಿಯಿಂದ ಬರುವ ಎ ವಿಟಮಿನ್ನಿಗೆ ಆ ಬೀಗ ತೆರೆಯುವ ಶಕ್ತಿ ಇಲ್ಲ. ವಾರ್ಡಿನಲ್ಲಿ ಹೇಳಿದ್ದನ್ನು ಮಾತ್ರ ತಿನ್ನಿಸು. ಹಾಗೆಯೇ ಯಾರಾದರೂ ಪಾಷಾಣದ ಭಸ್ಮ ಕೊಡುತ್ತೇನೆ ಅಂದರೆ ಹತ್ತಿರ ಸೇರಿಸಬೇಡ. ಡ್ರಿಪ್ಪಿನಲ್ಲಿ ಮಿಲಿಗ್ರಾಂ ಲೆಕ್ಕ ಹಾಕಿ ಬಿಡುವುದೇ ಬೇರೆ.

ಇನ್ನೊಂದು ಈಗಲೇ ಹೇಳಿಬಿಡುತ್ತೇನೆ. ಮುಂದಿನ ವಾರ ಬಿಳಿ ಕಣ ಏರಬಹುದು. ನಿಂತಿದ್ದ ಕಣಗಳೆಲ್ಲ ಒಟ್ಟಿಗೆ ಬಲಿತು ರಕ್ತಕ್ಕೆ ಬರುತ್ತವೆ. ಏರಿದ್ದೇ ಕೇಡಲ್ಲ. ಆದರೆ ಜ್ವರ, ಏದುಸಿರು, ಕಾಲು ಊತ, ತೂಕ ಇದ್ದಕ್ಕಿದ್ದ ಹಾಗೆ ಹೆಚ್ಚಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ.

ಪಾಂಡವಪುರ_ಅಣ್ಣ
ಎಂಟನೇ ದಿನ, ನಸುಕಿನ 4.30

ಅಕ್ಕಾ, ನೀವು ಹೇಳದೇ ಇದ್ದಿದ್ದರೆ ಏನಾಗುತ್ತಿತ್ತೋ. ಬಂದ ದಿನ ಬಿಳಿ ಕಣ 2,800 ಇತ್ತು. ನಿನ್ನೆ 31 ಸಾವಿರ. ಬೆಳಗ್ಗೆ ತೂಕ ನೋಡಿದರೆ ಎರಡು ದಿನದಲ್ಲಿ ನಾಲ್ಕು ಕೆಜಿ ಜಾಸ್ತಿ. ಊಟ ಸೇರುತ್ತಿದೆ ಅಂತ ಅಮ್ಮ ಖುಷಿಪಟ್ಟರು. ರಾತ್ರಿ ಒಂದು ಗಂಟೆಗೆ ಅವಳು ಮಲಗಲಾಗದೆ ಎದ್ದು ಕೂತಳು. ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಉಸಿರೆಳೆಯುತ್ತಿದ್ದಳು. ಓಡಿಹೋಗಿ ಕರೆದೆ. ಆಕ್ಸಿಜನ್ ಹಾಕಿ, ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಇಂಜೆಕ್ಷನ್ ಅಲ್ಲೇ ಕೊಟ್ಟರು. ಬಿಳಿ ಕಣ ಇಳಿಸುವುದಕ್ಕೆ ಹೈಡ್ರಾಕ್ಸಿಯೂರಿಯಾ ಅಂತೆ. "ಡಿಫರೆನ್ಶಿಯೇಶನ್ ಸಿಂಡ್ರೋಮ್" ಅಂದರು. ಈಗ ಮಲಗಿದ್ದಾಳೆ. ಉಸಿರು ಎಣಿಸುತ್ತಾ ಕೂತಿದ್ದೇನೆ.

ಲ್ಯಾಬ್_ಅಕ್ಕ_ಮೈಸೂರು
ಎಂಟನೇ ದಿನ, ಬೆಳಗ್ಗೆ 5.15

ಎಚ್ಚರ ಇದ್ದೇನೆ. ಬೇಗ ಹಿಡಿದಿದ್ದಾರೆ, ಒಳ್ಳೆಯದಾಯಿತು. ಬಲಿಯುತ್ತಿರುವ ಕಣಗಳು ಶ್ವಾಸಕೋಶಕ್ಕೆ ನುಗ್ಗಿ ಉರಿ ಎಬ್ಬಿಸುತ್ತವೆ, ರಕ್ತನಾಳದಿಂದ ನೀರು ಸೋರುತ್ತದೆ. ಆ ನಾಲ್ಕು ಕೆಜಿ ಅದೇ ನೀರು. ಸ್ಟಿರಾಯ್ಡ್ ಅದನ್ನು ತಗ್ಗಿಸುತ್ತದೆ. ದಿನಾ ಬೆಳಗ್ಗೆ ತೂಕ ಬರೆದಿಡು.

ಪಾಂಡವಪುರ_ಅಣ್ಣ
ಇಪ್ಪತ್ತೆರಡನೇ ದಿನ, ಸಂಜೆ 6.00

ಉಸಿರು ಸರಿಹೋಯಿತು. ರಕ್ತ ಸೋರುವುದು ನಿಂತು ಹತ್ತು ದಿನದ ಮೇಲಾಯಿತು. ಊರಿನಿಂದ ಹನ್ನೊಂದು ಹುಡುಗರು ಬಂದು ಪ್ಲೇಟ್‌ಲೆಟ್ ಕೊಟ್ಟು ಹೋದರು. ಕಬ್ಬು ಕಡಿಯುವ ಸಮಯ, ಕೆಲಸ ಬಿಟ್ಟು ಬಂದಿದ್ದರು.

ಇವತ್ತು ಒಂದು ನೋಡಿದೆ. ಮೊನ್ನೆ ಲ್ಯಾಬಿನ ಹುಡುಗಿಗೆ ನಿಮ್ಮ ಮಾತುಗಳನ್ನೆಲ್ಲ ಹೇಳಿದ್ದೆ. ಇವತ್ತು ಕರೆದು ಮೈಕ್ರೋಸ್ಕೋಪಿನಲ್ಲಿ ಎರಡು ಗಾಜು ತೋರಿಸಿದರು. ಮೊದಲನೆಯದು ಬಂದ ರಾತ್ರಿಯದು. ದೊಡ್ಡ ದುಂಡನೆ ಕಣ, ಒಳಗೆ ಕೆನ್ನೇರಳೆ ಬಣ್ಣದ ಕಾಳು ಕಾಳು. ಅದರಲ್ಲಿ ಸೂಜಿಯಂತಹ ಕಡ್ಡಿಗಳು, ಸೌದೆ ಹೊರೆ ಕಟ್ಟಿಟ್ಟ ಹಾಗೆ. ಎರಡನೆಯದು ಈ ವಾರದ್ದು. ಚಿಕ್ಕ ಕಣ, ನ್ಯೂಕ್ಲಿಯಸ್ ಮೂರು ಹಾಲೆ, ನೀವು ಹೇಳಿದ ನ್ಯೂಟ್ರೋಫಿಲ್. "ಸರಿಯಾಗಿ ನೋಡಿ" ಅಂದರು. ಅದರೊಳಗೂ ಒಂದು ಕಡ್ಡಿ ಇತ್ತು!

ಲ್ಯಾಬ್_ಅಕ್ಕ_ಮೈಸೂರು
ಇಪ್ಪತ್ತೆರಡನೇ ದಿನ, ಸಂಜೆ 6.25

ಔರ್ ಕಡ್ಡಿ ಅದು. ಒಳ್ಳೆಯ ನ್ಯೂಟ್ರೋಫಿಲ್‌ನಲ್ಲಿ ಇರುವುದಿಲ್ಲ, ಕ್ಯಾನ್ಸರಿನ ಎಳೆ ಕಣದ ಗುರುತು. ಬಲಿತ ಕಣದಲ್ಲಿ ಆ ಕಡ್ಡಿ ಕಂಡಿತು ಅಂದರೆ ಕ್ಯಾನ್ಸರ್ ಕಣವೇ ಬಲಿತು ನ್ಯೂಟ್ರೋಫಿಲ್ ಆಗಿದೆ ಅಂತ. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅದು ಕಂಡದ್ದು ನಾಲ್ಕೈದು ಸಲ. ಪ್ರತಿ ಸಲವೂ ಪಕ್ಕದವರನ್ನು ಕರೆದು ತೋರಿಸಿದ್ದೇನೆ.

ಶ್ರೀರಂಗಪಟ್ಟಣ_ಮಗಳು
ಇಪ್ಪತ್ಮೂರನೇ ದಿನ, ರಾತ್ರಿ 9.50

ಎಲ್ಲ ಓದಿದೆ. ನನ್ನ ಅಪ್ಪನಿಗೆ 67 ವರ್ಷ, ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್ ಅಂದಿದ್ದಾರೆ. ಅದೂ ಬಲಿಯದ ಕಣಗಳ ಕಾಯಿಲೆಯೇ ಅಂತೆ. ಅವರಿಗೆ ಈ ಕ್ಯಾಪ್ಸೂಲ್ ಕೊಡಿ ಅಂತ ಕೇಳಿದೆ, ಇದಕ್ಕೆ ಆಗುವುದಿಲ್ಲ ಅಂದರು. ಯಾಕೆ ಆಗುವುದಿಲ್ಲ?

ಸರಸ್ವತಿಪುರಂ_ಮೇಷ್ಟ್ರು
ಇಪ್ಪತ್ನಾಲ್ಕನೇ ದಿನ, ಬೆಳಗ್ಗೆ 7.30

ಅಮ್ಮಾ, ನಿಮಗೆ ಸುಳ್ಳು ಆಸೆ ಹುಟ್ಟಿಸಬಾರದು, ಆಸೆ ಕಿತ್ತುಕೊಳ್ಳಲೂಬಾರದು. ಎಎಂಎಲ್ ಅನ್ನುವುದು ಒಂದೇ ಕಾಯಿಲೆ ಅಲ್ಲ. ಎಪಿಎಲ್ ಅದರಲ್ಲಿ ಒಂದು ಚಿಕ್ಕ ಪಾಲು. ಉಳಿದವರಲ್ಲೂ ಕಣ ಬಲಿಯದೆ ನಿಂತಿರುತ್ತದೆ, ಆದರೆ ನಿಲ್ಲಿಸಿದ ಕಾರಣ ಬೇರೆ ಬೇರೆ. ಎಪಿಎಲ್‌ನ ಬೀಗಕ್ಕೆ ಮಾಡಿದ ಕೀಲಿ ಅಲ್ಲಿ ತಿರುಗುವುದಿಲ್ಲ.

ಕೆಲವರಲ್ಲಿ ಐಡಿಎಚ್1 ಅಥವಾ ಐಡಿಎಚ್2 ಜೀನು ಕೆಟ್ಟಿರುತ್ತದೆ. ಆಗ ಕಣದೊಳಗೆ ಇರಬಾರದ ಒಂದು ರಾಸಾಯನಿಕ ಕೂಡಿಕೊಂಡು ಬಲಿಯುವ ಜೀನುಗಳನ್ನು ಮುಚ್ಚಿಡುತ್ತದೆ. ಇದನ್ನು ತಡೆಯುವ ಮಾತ್ರೆಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ: ಎನಾಸಿಡೆನಿಬ್‌ಗೆ 2017ರಲ್ಲಿ, ಐವೋಸಿಡೆನಿಬ್‌ಗೆ 2018ರಲ್ಲಿ. ಅವೂ ಕಣಗಳನ್ನು ಬಲಿಯುವ ಹಾಗೆ ಮಾಡುತ್ತವೆ. ಏದುಸಿರಿನ ಅದೇ ತೊಂದರೆ ಅಲ್ಲೂ ಬರುತ್ತದೆ. 2024ರಲ್ಲಿ ರೆವುಮೆನಿಬ್ ಅನ್ನುವ ಇನ್ನೊಂದು ಬಗೆಯ ಔಷಧಕ್ಕೆ ಒಪ್ಪಿಗೆ ಆಯಿತು, ಅದು ಬೇರೆ ಜೀನಿನವರಿಗೆ. ಎಪಿಎಲ್‌ನಷ್ಟು ಗೆಲುವು ಇವುಗಳಲ್ಲಿ ಇನ್ನೂ ಸಿಕ್ಕಿಲ್ಲ. ತಂದೆಯವರ ಜೀನ್ ಪರೀಕ್ಷೆಯಲ್ಲಿ ಐಡಿಎಚ್ ಮತ್ತು ಎಫ್‌ಎಲ್‌ಟಿ3 ಅನ್ನುವ ಇನ್ನೊಂದು ಜೀನು ಏನು ಬಂತು ಅಂತ ಕೇಳಿ. ಆ ಎರಡು ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಪಾಂಡವಪುರ_ಅಣ್ಣ
ಒಂಬತ್ತು ತಿಂಗಳ ನಂತರ

ತುಂಬ ದಿನ ಬರೆಯಲಿಲ್ಲ, ಕ್ಷಮಿಸಿ. 33ನೇ ದಿನ ಮಜ್ಜೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಲಿಲ್ಲ. ಆಮೇಲೆ ನಾಲ್ಕು ವಾರ ಆರ್ಸೆನಿಕ್, ನಾಲ್ಕು ವಾರ ಬಿಡುವು. ವಾರಕ್ಕೆ ಐದು ದಿನ ಪಾಂಡವಪುರದಿಂದ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ವಾಪಸ್. ಅಪ್ಪ ಒಂದು ದಿನವೂ ಜೊತೆ ತಪ್ಪಿಸಲಿಲ್ಲ. ನಿನ್ನೆ ಪಿಸಿಆರ್ ರಿಪೋರ್ಟ್ ಬಂತು. ಬೆಸೆದ ಜೀನು ಪತ್ತೆ ಇಲ್ಲ. ಅವಳು ಈ ಚರ್ಚೆಯನ್ನೆಲ್ಲ ಕೂತು ಓದಿದಳು. ಮಳವಳ್ಳಿ ಅಣ್ಣಾ, ಹುಳ ಹಣ್ಣಾಗುವುದನ್ನು ನೋಡಬೇಕಂತೆ.

ಮಳವಳ್ಳಿ_ಚಂದ್ರಿಕೆ
ಅದೇ ದಿನ, ಮಧ್ಯಾಹ್ನ

ಮೂರನೇ ಜ್ವರ ಎದ್ದಿವೆ. ಇನ್ನು ಹತ್ತು ಹನ್ನೆರಡು ದಿನಕ್ಕೆ ಬನ್ನಿ, ಅಮ್ಮನನ್ನೂ ಕರೆದುಕೊಂಡು ಬನ್ನಿ. ಊಟ ನಮ್ಮಲ್ಲೇ.

ಶ್ರೀರಂಗಪಟ್ಟಣ_ಮಗಳು
ಅದೇ ದಿನ, ರಾತ್ರಿ 8.15

ಓದಿ ತುಂಬ ಸಂತೋಷ ಆಯಿತು ಅಣ್ಣಾ. ಮೇಷ್ಟ್ರೇ, ಆ ಚೀಟಿ ತಗೊಂಡು ಹೋಗಿದ್ದೆ. ಅಪ್ಪನ ಪರೀಕ್ಷೆಯಲ್ಲಿ ಐಡಿಎಚ್ ದೋಷ ಇಲ್ಲ, ಎಫ್‌ಎಲ್‌ಟಿ3ರದ್ದೂ ಇಲ್ಲ. ಅಜಾಸಿಟಿಡಿನ್, ವೆನೆಟೋಕ್ಲಾಕ್ಸ್ ಕೊಡುತ್ತಿದ್ದಾರೆ. ಸ್ವಲ್ಪ ದಿನ ಚೆನ್ನಾಗಿದ್ದರು. ಈಗ ಮತ್ತೆ ಅಡ್ಮಿಟ್, ಮೈಸೂರಿನಲ್ಲೇ. ವಾರಕ್ಕೆ ಎರಡು ಸಲ ಪ್ಲೇಟ್‌ಲೆಟ್ ಬೇಕಾಗುತ್ತಿದೆ. ಕೊಡುವವರು ಮುಗಿದುಹೋದರು.

ಪಾಂಡವಪುರ_ಅಣ್ಣ
ಅದೇ ದಿನ, ರಾತ್ರಿ 8.22

ಯಾವ ಗುಂಪು ಅಂತ ಮೆಸೇಜ್ ಹಾಕಿ. ನನ್ನದು ಬಿ ಪಾಸಿಟಿವ್. ನನ್ನದು ಹೊಂದದಿದ್ದರೆ ಹೊಂದುವವರು ಆ ಹನ್ನೊಂದು ಹುಡುಗರಲ್ಲಿ ಇದ್ದಾರೆ, ಈಗಲೇ ಫೋನ್ ಮಾಡುತ್ತೇನೆ. ನಾಳೆ ಬೆಳಗಿನ ರೈಲಿಗೆ ಹೊರಟರೆ ಎಂಟೂವರೆಗೆ ಮೈಸೂರಿನಲ್ಲಿ ಇರುತ್ತೇವೆ. ಎಷ್ಟನೇ ವಾರ್ಡು?